ಹೇಗೆ ಎಂಬುದುಂಟು, ಏಕೆ ಎಂಬುದಿಲ್ಲ

ಪುಸ್ತಕ ವಿಮರ್ಶೆಯೆಂದರೆ ಕಾದಂಬರಿಗೂ ಕವನ ಸಂಕಲನಕ್ಕೂ ಮೀಸಲೆಂದು ವಾಚಕರು ತಿಳಿದಿದ್ದರೆ ತಪ್ಪು ಅವರದಲ್ಲ. ಈ ಪುಟಗಳಲ್ಲಿ ಇದುವರೆಗೆ ಬಂದದ್ದು ಬಹುಪಾಲು ಅದೇ. ಆದರೆ ನಮ್ಮಂಥವರ ಮನೆಗಳಲ್ಲಿ ಹೆಚ್ಚು ಹಣ ಕೊಟ್ಟು ಕೊಳ್ಳುವ, ಹೆಚ್ಚು ಆಸೆಯಿಟ್ಟು ಓದಿಸುವ ಪುಸ್ತಕಗಳು ಮಕ್ಕಳ ಪಠ್ಯಪುಸ್ತಕಗಳು. ಅವನ್ನು ಯಾರೂ ವಿಮರ್ಶಿಸುವುದಿಲ್ಲ. ಮಗು ಸೋತು ಬಂದರೆ ಮಗುವನ್ನು ಬೈಯುತ್ತೇವೆ. ಪುಸ್ತಕವನ್ನು ಕಪಾಟಿನಲ್ಲಿ ಜೋಪಾನವಾಗಿ ಇಡುತ್ತೇವೆ. ನಾವೂ ಹಾಗೆಯೇ ಮಾಡಿದೆವು. ಈ ಲೇಖನ ಅದಕ್ಕೆ ಪ್ರಾಯಶ್ಚಿತ್ತವೆಂದರೂ ಸರಿಯೆ.

ನಮ್ಮ ಮಗಳು ಇಲ್ಲಿಯೇ ಪುಣೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾಳೆ. ಕಂಪ್ಯೂಟರಿನಲ್ಲಿ ಯಂತ್ರಭಾಗಗಳ ಘನಾಕೃತಿ ರಚಿಸುವುದನ್ನು ಕಲಿಯಬೇಕೆಂದು ಅಪ್ಪಾ ಬಳವಂತ ಚೌಕದಿಂದ ಒಂದು ದಪ್ಪ ಪುಸ್ತಕ ತಂದುಕೊಟ್ಟೆವು. ಹೆಸರು ಬೇಡ, ಆ ಜಾತಿಯ ಹತ್ತಾರು ಪುಸ್ತಕಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ, ದೋಷವೂ ಹೆಚ್ಚುಕಡಿಮೆ ಒಂದೇ. ಮಗಳು ನಾಲ್ಕು ತಿಂಗಳು ಕುಳಿತು ಅದರ ಅಭ್ಯಾಸಗಳನ್ನೆಲ್ಲ ಮಾಡಿ ಮುಗಿಸಿದಳು. ಆಮೇಲೆ ಒಂದು ಕಾರ್ಖಾನೆಯಲ್ಲಿ ತರಬೇತಿಗೆ ಆಯ್ಕೆಯ ಪರೀಕ್ಷೆಗೆ ಹೋದಳು. ನಾಲ್ಕು ತೂತುಗಳಿರುವ ಒಂದು ಹಲಗೆಯನ್ನು ರಚಿಸಲು ಹೇಳಿದರಂತೆ. ಹತ್ತೇ ನಿಮಿಷದಲ್ಲಿ ರಚಿಸಿದಳು. ಆಗ ಅಲ್ಲಿಯ ಹಿರಿಯರೊಬ್ಬರು, ‘ಈಗ ಉದ್ದವನ್ನು ೧೦೦ರಿಂದ ೧೪೦ ಮಿಲಿಮೀಟರಿಗೆ ಬದಲಾಯಿಸಮ್ಮ’ ಎಂದರು. ಹಲಗೆ ಉದ್ದವಾಯಿತು, ತೂತುಗಳು ಇದ್ದಲ್ಲಿಯೇ ಉಳಿದವು. ‘ಬದಲಾಗದ ಚಿತ್ರವೇ ಸಾಕಿದ್ದರೆ ಕಾಗದದ ಮೇಲೆ ಬರೆಯಬಹುದಿತ್ತಲ್ಲ’ ಎಂದು ಅವರು ಸಮಾಧಾನದಿಂದಲೇ ಹೇಳಿ ಕಳುಹಿಸಿದರು.

ಮನೆಗೆ ಬಂದವಳನ್ನು ನಾವು ಬೈದೆವು. ಎರಡು ದಿನ ಮಾತಿಲ್ಲ. ಮೂರನೆಯ ರಾತ್ರಿ, ಇವಳು ಓದಿದ್ದಾದರೂ ಏನು ನೋಡೋಣವೆಂದು ಆ ಪುಸ್ತಕ ತೆರೆದೆವು. ಇಪ್ಪತ್ತು ವರ್ಷಗಳ ಹಿಂದಿನ ಬಿ.ಎಸ್ಸಿ., ಕೈಯಲ್ಲಿ ಕಡತ ಬಿಟ್ಟರೆ ಬೇರೆ ಯಂತ್ರವಿಲ್ಲ. ಆದರೂ ಪ್ರತಿ ರಾತ್ರಿ ಒಂದೊಂದು ಅಭ್ಯಾಸದಂತೆ ಒಂದು ತಿಂಗಳು ಓದಿದೆವು.

ವಿಷಯವನ್ನು ಮೊದಲು ನಮ್ಮ ಭಾಷೆಯಲ್ಲಿ ಹೇಳೋಣ. ಕಚೇರಿಯಲ್ಲಿ ವೇತನಪಟ್ಟಿ ತಯಾರಿಸುವವರಿಗೆ ಇದು ಹೊಸದಲ್ಲ. ಮೂಲವೇತನ ಒಂದು ಅಂಕಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆಗಳು ಅದರ ಶೇಕಡಾವಾರು. ಪಟ್ಟಿಯಲ್ಲಿ ಸೂತ್ರ ಹಾಕಿದ್ದರೆ ಜನವರಿ, ಜುಲೈಗಳಲ್ಲಿ ತುಟ್ಟಿಭತ್ಯೆಯ ದರ ಏರಿದಾಗ ಒಂದೇ ಮನೆಯಲ್ಲಿ ಅಂಕಿ ತಿದ್ದಿದರೆ ಸಾಕು, ಎಲ್ಲವೂ ತಾನಾಗಿ ಸರಿಹೋಗುತ್ತದೆ. ಸೂತ್ರದ ಬದಲು ಉತ್ತರವನ್ನೇ ಟೈಪು ಮಾಡಿದ್ದರೆ ಪಟ್ಟಿ ನೋಡಲು ಅಷ್ಟೇ ಚೆಂದ; ದರ ಬದಲಾದ ದಿನ ಮಾತ್ರ ಗುಮಾಸ್ತನ ಗತಿ ದೇವರಿಗೇ ಪ್ರೀತಿ. ಪ್ಯಾರಾಮೆಟ್ರಿಕ್ ಘನಾಕೃತಿಯೆಂದರೆ ಸೂತ್ರ ಹಾಕಿದ ವೇತನಪಟ್ಟಿ. ಅಳತೆಗಳೂ, ಅವುಗಳ ನಡುವಿನ ಸಂಬಂಧಗಳೂ ಆಕೃತಿಯೊಳಗೇ ಬರೆದಿರುತ್ತವೆ. ಒಂದು ಅಳತೆ ತಿದ್ದಿದರೆ ಆಕೃತಿ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ.

ಈ ವಿಚಾರ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್‌ಲ್ಯಾಂಡ್ ೧೯೬೩ರಲ್ಲಿಯೇ ‘ಸ್ಕೆಚ್‌ಪ್ಯಾಡ್’ ಎಂಬುದನ್ನು ಮಾಡಿ, ಪರದೆಯ ಮೇಲಿನ ಗೆರೆಗಳಿಗೆ ಸಮಾಂತರವಾಗಿರಬೇಕು, ಸಮನಾಗಿರಬೇಕು ಎಂಬ ಕಟ್ಟುಪಾಡುಗಳನ್ನು ಹಾಕಿ ತೋರಿಸಿದ್ದರು. ೧೯೮೦ರ ದಶಕದ ಕೊನೆಗೆ ಪ್ರೊ-ಎಂಜಿನಿಯರ್ ಇದನ್ನು ಕಾರ್ಖಾನೆಗಳಿಗೆ ತಂದಿತು. ೧೯೯೫ರಲ್ಲಿ ಸಾಲಿಡ್‌ವರ್ಕ್ಸ್ ಸಾಧಾರಣ ವಿಂಡೋಸ್ ಕಂಪ್ಯೂಟರಿನ ಮೇಲೆ ತಂದಿತು. ಗುಂಡಿಗಳು ಬದಲಾಗುತ್ತ ಬಂದಿವೆ, ವಿಚಾರ ಅದೇ ಇದೆ. ನಮ್ಮ ಕೈಯಲ್ಲಿದ್ದ ಪುಸ್ತಕ ಕಲಿಸುವುದು ಗುಂಡಿಗಳನ್ನು.

ಗುಣಗಳನ್ನು ಮುಚ್ಚಿಡಬಾರದು. ಚಿತ್ರಗಳು ಸ್ಪಷ್ಟವಾಗಿವೆ. ಹೆಜ್ಜೆಹೆಜ್ಜೆಯಾಗಿ ‘ಇದನ್ನು ಒತ್ತಿ, ಅದನ್ನು ಆರಿಸಿ, ೩೫ ಎಂದು ಟೈಪು ಮಾಡಿ’ ಎಂದು ಬೆರಳು ಹಿಡಿದು ನಡೆಸುತ್ತದೆ. ಎಂದೂ ಮುಟ್ಟದವನಿಗೂ ಮೊದಲ ರಾತ್ರಿಯೇ ಪರದೆಯ ಮೇಲೆ ಒಂದು ವಸ್ತು ಮೂಡುತ್ತದೆ. ನಮಗೂ ಆ ಸಂತೋಷವಾಯಿತು; ಸುಳ್ಳು ಹೇಳಬಾರದು.

ಆದರೆ ಆ ೩೫ ಎಲ್ಲಿಂದ ಬಂತು? ೧೦೦ ಮಿಲಿಮೀಟರ್ ಉದ್ದದ ಹಲಗೆಯಲ್ಲಿ ಮಧ್ಯದಿಂದ ೩೫ ದೂರದಲ್ಲಿ ತೂತು ಹಾಕು ಎನ್ನುತ್ತದೆ ಪುಸ್ತಕ. ಅಂಚಿನಿಂದ ೧೫ ಎಂದು ಹೇಳಿದರೂ ತೂತು ಬೀಳುವುದು ಅದೇ ಜಾಗದಲ್ಲಿ. ನೋಡುವ ಕಣ್ಣಿಗೆ ಎರಡೂ ಒಂದೇ. ಉದ್ದವನ್ನು ೧೪೦ ಮಾಡಿದಾಗ ವ್ಯತ್ಯಾಸ ಬಯಲಾಗುತ್ತದೆ: ಅಂಚಿಗೆ ಕಟ್ಟಿದ ತೂತು ಅಂಚಿನ ಜೊತೆ ಸರಿಯುತ್ತದೆ, ಮಧ್ಯಕ್ಕೆ ಕಟ್ಟಿದ್ದು ಅಲ್ಲೇ ನಿಂತು, ಅಂಚಿನಿಂದ ೩೫ ದೂರವಾಗುತ್ತದೆ. ಯಾವುದು ಸರಿ? ಹಲಗೆಯನ್ನು ಬೋಲ್ಟು ಹಾಕಿ ಕೂರಿಸುವ ಬುಡದಲ್ಲಿ ತೂತುಗಳು ೭೦ ಅಂತರಕ್ಕೆ ಮೊದಲೇ ಕೊರೆದಿದ್ದರೆ ಮಧ್ಯಕ್ಕೆ ಕಟ್ಟಿದ್ದೇ ಸರಿ. ಮೂಲೆಗಳನ್ನು ಬಿಗಿಹಿಡಿಯುವುದು ಉದ್ದೇಶವಾದರೆ ಅಂಚಿಗೆ ಕಟ್ಟಿದ್ದು ಸರಿ. ಅಂದರೆ ಉತ್ತರ ಕಂಪ್ಯೂಟರಿನಲ್ಲಿಲ್ಲ, ವಸ್ತುವಿನ ಉಪಯೋಗದಲ್ಲಿದೆ. ಇದನ್ನೇ ಬಲ್ಲವರು ‘ಡಿಸೈನ್ ಇಂಟೆಂಟ್’, ರಚನೆಯ ಆಶಯ, ಎನ್ನುತ್ತಾರೆ. ಆರುನೂರು ಪುಟಗಳ ಪುಸ್ತಕದಲ್ಲಿ ಇದಕ್ಕೆ ಸಿಕ್ಕಿದ ಜಾಗ ಪೀಠಿಕೆಯ ಒಂದು ಪ್ಯಾರಾ. ಯಾವ ಅಭ್ಯಾಸದ ಕೊನೆಯಲ್ಲೂ ‘ಈಗ ಒಂದು ಅಳತೆ ಬದಲಾಯಿಸಿ ನೋಡಿ’ ಎಂಬ ಮಾತಿಲ್ಲ. ಮಗಳನ್ನು ಕರೆದು ಇದನ್ನು ತೋರಿಸಿದಾಗ, ‘ಅಪ್ಪಾ, ಇದನ್ನ ಪುಸ್ತಕದಾಗ ಯಾಕ ಬರದಿಲ್ರಿ?’ ಎಂದಳು. ಎರಡು ದಿನದ ಮೌನ ಅಲ್ಲಿಗೆ ಮುರಿಯಿತು. ಬೈದದ್ದಕ್ಕೆ ನಮಗೆ ನಾಚಿಕೆಯೂ ಆಯಿತು.

ಎರಡನೆಯ ದೋಷ ಅನುಕ್ರಮದ್ದು. ಇಂಥ ಆಕೃತಿಗೆ ಒಂದು ಚರಿತ್ರೆ ಇರುತ್ತದೆ. ಮೊದಲು ಹಲಗೆ, ಆಮೇಲೆ ತೂತು, ಆಮೇಲೆ ಅಂಚು ದುಂಡಾಗಿಸುವುದು, ಹೀಗೆ. ಹಿಂದಿನದನ್ನು ತಿದ್ದಿದರೆ ಅದನ್ನು ಆಧರಿಸಿದ ಮುಂದಿನದೆಲ್ಲ ಅಲುಗಾಡುತ್ತದೆ. ಕಡತದಲ್ಲಿ ‘ಪುಟ ೧೨ ನೋಡಿ’ ಎಂದು ಟಿಪ್ಪಣಿ ಬರೆದ ಮೇಲೆ ಯಾರೋ ನಡುವೆ ಒಂದು ಹಾಳೆ ಸೇರಿಸಿದರೆ ಏನಾಗುತ್ತದೆಂದು ಗುಮಾಸ್ತರಿಗೆ ಗೊತ್ತು. ಮನೆಯಲ್ಲಿ ನಾವು ಬಳಸಿದ ಉಚಿತ ತಂತ್ರಾಂಶ ಫ್ರೀಕ್ಯಾಡ್‌ನಲ್ಲಿ ವಸ್ತುವಿನ ಮುಖಗಳಿಗೆ ಹೀಗೆಯೇ ಅಂಕಿಗಳಿದ್ದು, ತಿದ್ದುಪಡಿಯಾದಾಗ ಅಂಕಿ ಬದಲಾಗಿ ಮುಂದಿನ ಕೆಲಸ ತಪ್ಪು ಮುಖಕ್ಕೆ ಅಂಟಿಕೊಳ್ಳುವ ತೊಂದರೆ ಬಹುಕಾಲ ಇತ್ತು. ೨೦೨೪ರ ನವೆಂಬರಿನಲ್ಲಿ ಬಂದ ೧.೦ ಆವೃತ್ತಿ ಅದನ್ನು ಬಹುಮಟ್ಟಿಗೆ ತಗ್ಗಿಸಿತು. ಆದ್ದರಿಂದಲೇ ಅಂಚು ದುಂಡಾಗಿಸುವಂಥ ಅಲಂಕಾರಗಳನ್ನು ಕೊನೆಗೆ ಇಟ್ಟುಕೊಳ್ಳುವುದು ವಿವೇಕ. ನಮ್ಮ ಪುಸ್ತಕ ಎರಡನೆಯ ಅಭ್ಯಾಸದಲ್ಲಿಯೇ ಅಂಚು ದುಂಡಾಗಿಸಿ, ಅದರ ಮೇಲೆ ಉಳಿದದ್ದನ್ನು ಕಟ್ಟಿಸುತ್ತದೆ. ಅಡಿಗಲ್ಲಿಗೆ ಮೊದಲು ಕಲಶವಿಟ್ಟಂತೆ.

ಮೂರನೆಯದು ದೇಶದ ಮಾತು. ಅಳತೆಗಳು ಅರ್ಧಕ್ಕರ್ಧ ಇಂಚುಗಳಲ್ಲಿವೆ. ನಕ್ಷೆಗಳು ಅಮೆರಿಕದ ರೂಢಿಯ ಮೂರನೆಯ ಕೋನ ಪದ್ಧತಿಯಲ್ಲಿವೆ. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋ ೧೯೮೮ರ ಎಸ್.ಪಿ. ೪೬ರಲ್ಲಿ ಶಾಲಾ ಕಾಲೇಜುಗಳಿಗೆ ಹೇಳಿದ್ದು ಮೊದಲನೆಯ ಕೋನ ಪದ್ಧತಿ. ಅದರಲ್ಲಿ ಮೇಲಿನಿಂದ ಕಂಡ ನೋಟ ಎದುರಿನ ನೋಟದ ಕೆಳಗೆ ಬರುತ್ತದೆ, ಇದರಲ್ಲಿ ಮೇಲೆ. ತಂತ್ರಾಂಶದಲ್ಲಿ ಒಂದು ಆಯ್ಕೆ ಬದಲಿಸಿದರೆ ಮುಗಿಯುವ ಕೆಲಸ. ಬದಲಿಸಬೇಕೆಂದು ಓದುಗನಿಗೆ ಹೇಳುವವರು ಬೇಕಷ್ಟೆ.

ಇದರ ಮುಂದೆ ಆನಂದದಿಂದ ಪ್ರಕಟವಾಗುವ ಎನ್.ಡಿ. ಭಟ್ ಅವರ ಎಂಜಿನಿಯರಿಂಗ್ ಡ್ರಾಯಿಂಗ್ ಪುಸ್ತಕವನ್ನಿಟ್ಟು ನೋಡಿ. ಬಿಂದು, ರೇಖೆ, ತಲ, ಆಮೇಲೆ ಘನ ಎಂದು ಅದು ಮೆಟ್ಟಿಲು ಹತ್ತಿಸುತ್ತದೆ. ಕೈಯಲ್ಲಿ ಪೆನ್ಸಿಲ್ ಬದಲು ಮೌಸ್ ಬಂದ ಮೇಲೂ ಅದರ ಪಾಠ ಸವೆದಿಲ್ಲ. ಗುಂಡಿಗಳ ಪುಸ್ತಕಕ್ಕೆ ಮುಂದಿನ ಆವೃತ್ತಿ ಬರುವವರೆಗೆ ಮಾತ್ರ ಆಯುಷ್ಯ. ಅದರಲ್ಲಿ ‘ಎಕ್ಸ್‌ಟ್ರೂಡ್’ ಎಂದಿರುವುದು ಫ್ರೀಕ್ಯಾಡ್‌ನಲ್ಲಿ ‘ಪ್ಯಾಡ್’, ‘ಕಟ್’ ಎಂದಿರುವುದು ‘ಪಾಕೆಟ್’. ವಿಚಾರ ತಿಳಿದವನಿಗೆ ಇದು ಅರ್ಧ ಗಂಟೆಯ ತೊಡಕು. ಗುಂಡಿ ಕಲಿತವನಿಗೆ ಮತ್ತೆ ಓಂ ಪ್ರಥಮ.

ಹಾಗೆಂದು ಕೊಂಡ ಪುಸ್ತಕವನ್ನು ಬಿಸಾಡಬೇಕಿಲ್ಲ. ನಾವಿಬ್ಬರೂ ಈಗ ಮಾಡುತ್ತಿರುವುದನ್ನು ಹೇಳುತ್ತೇವೆ. ಪುಸ್ತಕ ತೆರೆಯುವ ಮೊದಲು ವಸ್ತು ಯಾವ ಕೆಲಸಕ್ಕೆ, ಅದರಲ್ಲಿ ಯಾವ ಅಳತೆ ಮುಂದೆ ಬದಲಾಗಬಹುದು ಎಂದು ಕಾಗದದ ಮೇಲೆ ಎರಡು ಸಾಲು ಬರೆಯುವುದು. ಒಂದು ಆಯತ ಎಳೆದರೆ ಅದಕ್ಕೆ ಇನ್ನೂ ನಾಲ್ಕು ಸ್ವಾತಂತ್ರ್ಯಗಳು ಉಳಿದಿರುತ್ತವೆ: ಉದ್ದ, ಅಗಲ, ಅಡ್ಡ ಮತ್ತು ಲಂಬ ದಿಕ್ಕಿನ ಸ್ಥಾನಗಳು. ಬಿ.ಎಸ್ಸಿ.ಯಲ್ಲಿ ಅನಿಲದ ಅಣುಗಳಿಗೆ ಎಣಿಸಿ ಮರೆತಿದ್ದ ‘ಡಿಗ್ರೀಸ್ ಆಫ್ ಫ್ರೀಡಂ’ ಇಲ್ಲಿ ಮತ್ತೆ ಎದುರಾದದ್ದು ನಮಗೊಂದು ಹಬ್ಬ. ಪ್ರತಿಯೊಂದನ್ನೂ ಯಾವುದಕ್ಕೆ, ಏಕೆ ಕಟ್ಟಿದೆವೆಂದು ಬಾಯಿಬಿಟ್ಟು ಹೇಳುವುದು. ಕೊನೆಯಲ್ಲಿ ಮೂರು ಅಳತೆ ಕೆಡಿಸಿ ನೋಡುವುದು. ಈ ‘ಏಕೆ’ಯನ್ನು ನಾವು ಮನೆಯ ಕನ್ನಡದಲ್ಲಿಯೇ ಹೇಳಿಕೊಳ್ಳುತ್ತೇವೆ. ಶಾಲೆ ಇಂಗ್ಲಿಷು, ಬೀದಿ ಮರಾಠಿ. ಕಾರಣ ಕೇಳುವುದಕ್ಕಾದರೂ ಮನೆಯ ಮಾತು ಇರಲಿ.

ಮಗಳು ಬರುವ ತಿಂಗಳು ಇನ್ನೊಂದು ಕಡೆ ಪರೀಕ್ಷೆಗೆ ಹೋಗುತ್ತಾಳೆ. ಫಲ ಏನಾದೀತೋ ಹೇಳಲಾರೆವು. ಅದು ಮುಗಿದ ಮೇಲೆ ಪುಸ್ತಕವನ್ನು ಸಂಘದ ವಾಚನಾಲಯಕ್ಕೆ ಕೊಡುತ್ತೇವೆ. ಅಂಚುಗಳಲ್ಲಿ ಅವಳು ಪೆನ್ಸಿಲಿನಲ್ಲಿ ಬರೆದ ‘ಏಕೆ?’ಗಳಿವೆ, ಮುಂದೆ ಓದುವವರು ಅವನ್ನು ಅಳಿಸದಿರಲಿ.