ನೊಂದ ಮನಸ್ಸು ಮತ್ತು ಸುಳ್ಳುಸಾಕ್ಷಿ: ‘ಟಿಪ್ಪು ನಿಜಕನಸುಗಳು’ ನಾಟಕವನ್ನು ಕುರಿತು

ಮೈಸೂರು ರಂಗಾಯಣದ ಅಂದಿನ ನಿರ್ದೇಶಕರಾದ ಅಡ್ಡಂಡ ಸಿ. ಕಾರ್ಯಪ್ಪನವರ ‘ಟಿಪ್ಪು ನಿಜಕನಸುಗಳು’ ನಾಟಕವು 2022ರ ನವೆಂಬರಿನಲ್ಲಿ ಪ್ರಕಟವಾಯಿತು. ಟಿಪ್ಪುವಿನ ಕನಸುಗಳನ್ನು ಕುರಿತ ಗಿರೀಶ ಕಾರ್ನಾಡರ ನಾಟಕಕ್ಕೆ ಇದು ಪ್ರತ್ಯುತ್ತರವೆಂಬುದು ಹೆಸರಿನಿಂದಲೇ ವಿದಿತ. ‘ತುರುಕರು’ ಎಂಬ ಪದವು ಮುಸ್ಲಿಮರಿಗೆ ಅವಮಾನಕರ, ಟಿಪ್ಪುವಿನ ಕುರಿತ ವಿವರಗಳು ನಿರಾಧಾರ ಎಂದು ದಾವೆ ಹೂಡಲಾಯಿತು. ಬೆಂಗಳೂರಿನ ನ್ಯಾಯಾಲಯವು ಪುಸ್ತಕದ ಮಾರಾಟವನ್ನು ತಾತ್ಕಾಲಿಕವಾಗಿ ತಡೆದು, ಅನಂತರ ಆ ತಡೆಯನ್ನು ತೆರವುಗೊಳಿಸಿತು.

ಈ ದಾವೆಯಲ್ಲಿ ಎರಡು ಅಹವಾಲುಗಳು ಬೆರೆತಿವೆ: ಒಂದು ನೋವಿನದು, ಇನ್ನೊಂದು ಅಸತ್ಯದ್ದು. ಇವೆರಡನ್ನೂ ಬೇರ್ಪಡಿಸದೆ ವಿಮರ್ಶೆ ಸಾಧ್ಯವಿಲ್ಲ. ಸತ್ಯವೂ ನೋಯಿಸಬಲ್ಲದು. 1784ರಲ್ಲಿ ಕೆನರಾದ ಸಾವಿರಾರು ಕ್ರೈಸ್ತರು ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದರು; 1799ರಲ್ಲಿ ಪಟ್ಟಣವು ಪತನವಾದ ಮೇಲೆಯೇ ಉಳಿದವರಿಗೆ ಬಿಡುಗಡೆಯಾಯಿತು. ನೋವಾಗುವುದೆಂಬ ಒಂದೇ ಕಾರಣಕ್ಕೆ ಮಾತನ್ನು ತಡೆಯುವುದಾದರೆ ಸಭೆಯ ಈ ನೆನಪೂ ಮೌನವಾಗಬೇಕಾದೀತು.

ಆದರೆ ಅದೇ ನೆನಪನ್ನು ಕಟ್ಟುಕಥೆಗೆ ಎರವಲು ಕೊಡುವ ಹಕ್ಕು ನಮಗಿಲ್ಲ. ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಒಕ್ಕಲಿಗ ವೀರರೆಂದು ಈ ನಾಟಕ ಸಾರುತ್ತದೆ. ಇತಿಹಾಸಜ್ಞರು ಇದಕ್ಕೆ ಆಧಾರವಿಲ್ಲವೆಂದರು. ರಂಗಭೂಮಿಗೆ ಕಲ್ಪನೆಯ ಸ್ವಾತಂತ್ರ್ಯವುಂಟು, ನಿಜ. ಆದರೆ ‘ನಿಜ’ವೆಂಬ ಪದವನ್ನು ಶೀರ್ಷಿಕೆಯಲ್ಲಿಯೇ ಇರಿಸಿಕೊಂಡ ಕೃತಿ ಆ ಸ್ವಾತಂತ್ರ್ಯದ ಮರೆಯಲ್ಲಿ ನಿಲ್ಲಲಾರದು. ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಕೂಡದೆಂಬ ಆಜ್ಞೆಯು ರಕ್ಷಿಸುವುದು ಭಾವನೆಯನ್ನಲ್ಲ, ನೆರೆಯವನನ್ನು.

2023ರ ಮಾರ್ಚಿನಲ್ಲಿ ಇದೇ ಕಥೆ ಚಲನಚಿತ್ರವಾಗಲು ಹೊರಟಾಗ, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ದಾಖಲೆಯಿಲ್ಲದೆ ಮುಂದುವರಿಯಬಾರದೆಂದರು; ನಿರ್ಮಾಪಕರಾದ ಮುನಿರತ್ನ ಅವರು ಚಿತ್ರವನ್ನು ಕೈಬಿಟ್ಟರು. ಸುಳ್ಳಿಗೆ ತಕ್ಕ ಉತ್ತರ ನಿಷೇಧವಲ್ಲ, ಸಾಕ್ಷ್ಯದ ಬೇಡಿಕೆ ಎಂಬುದಕ್ಕೆ ಇದು ನಿದರ್ಶನ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಪ್ರಬಲ ಸಮುದಾಯದ ಗುರುಪೀಠಕ್ಕೆ ಒಂದು ಮಾತು ಸಾಕಾಯಿತು; ಮುಸ್ಲಿಮರ ಅಹವಾಲು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಕೇಳುವ ಕಿವಿಗಳಿಲ್ಲದವರೇ ಕಾನೂನಿನ ತಡೆಯನ್ನು ಬೇಡುತ್ತಾರೆ.

ಆದುದರಿಂದ ವಾಕ್‌ಸ್ವಾತಂತ್ರ್ಯವನ್ನು ಬಯಸುವ ಸಭೆಯು ಮೊದಲು ಕೇಳುವ ಸಭೆಯಾಗಬೇಕು. ಪಾಂಡವಪುರದಲ್ಲಾಗಲಿ ಕೃಷ್ಣರಾಜಪೇಟೆಯಲ್ಲಾಗಲಿ ಸೇವೆಗೆ ಹೋಗುವ ಬೋಧಕನು 1784ರ ಸೆರೆಯನ್ನು ಮರೆಮಾಚದೆ ಹೇಳಲಿ. ಅದನ್ನು ಇಂದಿನ ಮುಸ್ಲಿಂ ನೆರೆಯವನ ಲೆಕ್ಕಕ್ಕೆ ಬರೆಯುವ ಮಾತನ್ನು ಮಾತ್ರ ಪೀಠದಿಂದಲೇ ಅಲ್ಲಗಳೆಯಲಿ.