ಓದಿ ಮುಗಿಯದ ಪುಸ್ತಕ

ಕೋಟ್ಟಯಂನ ಸಿ.ಎಂ.ಎಸ್. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಪ್ರೊ. ಎಸ್. ಶಿವದಾಸ್ ಮಲಯಾಳದ ಮಕ್ಕಳಿಗೆ ಚಿರಪರಿಚಿತರು. ಶಾಸ್ತ್ರ ಸಾಹಿತ್ಯ ಪರಿಷತ್ತಿನ ‘ಯುರೀಕಾ’ ಮಕ್ಕಳ ಪತ್ರಿಕೆಯ ಸಂಪಾದಕರಾಗಿದ್ದವರು. 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದರು.

ಅವರ ಹೆಸರಾಂತ ಕೃತಿ ‘ವಾಯಿಚ್ಚಾಲುಂ ವಾಯಿಚ್ಚಾಲುಂ ತೀರಾತ್ತ ಪುಸ್ತಕಂ’. ಎಷ್ಟು ಓದಿದರೂ ಮುಗಿಯದ ಪುಸ್ತಕ ಎಂದರ್ಥ. ಆ ಪುಸ್ತಕ ಪ್ರಕೃತಿಯೇ. ಅವರ ದೃಷ್ಟಿಯೆಲ್ಲ ಈ ಹೆಸರಿನಲ್ಲಿದೆ. ಪ್ರಕೃತಿಯ ಮುಂದೆ ಮಾಸ್ತರರೂ ಮಗುವೂ ಒಂದೇ ಬೆಂಚಿನ ವಿದ್ಯಾರ್ಥಿಗಳು.

ಇಂಥ ಕೃತಿಯನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೇಳುವಾಗ ಪದಕ್ಕೆ ಪದ ಇಟ್ಟರೆ ಸಾಲದು. ಅವರ ತೆಚ್ಚಿ ನಮ್ಮ ಕೇಪಳ. ಗುಡ್ಡ ಕೊರೆದು ನೀರು ತರುವ ನಮ್ಮ ಸುರಂಗಕ್ಕೂ ಅದರಲ್ಲಿ ಒಂದು ಪುಟ ಬೇಕು.

ಇನ್ನೊಂದು ಮಾತು. ಮುಗಿಯದ ಪುಸ್ತಕವೆಂಬ ಭರವಸೆಯನ್ನು ಕಾಸರಗೋಡಿನವರು ಸುಲಭವಾಗಿ ಒಪ್ಪಲಾರರು. ಇಲ್ಲಿಯ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮಕ್ಕಳು ಓದುವ ಮೊದಲೇ ಎಷ್ಟೋ ಹಾಳೆಗಳು ಹರಿದುಹೋದವು. ವಿಸ್ಮಯದ ಜತೆಗೆ ಆ ಹರಿದ ಹಾಳೆಗಳನ್ನೂ ಮಗುವಿಗೆ ತೋರಿಸುವ ಪುಸ್ತಕ ನಮಗೆ ಬೇಕು. ಅದನ್ನು ಬರೆಯಬೇಕಾದವರು ನಮ್ಮ ಊರುಗಳ ನಿವೃತ್ತ ಮಾಸ್ತರರು.