ರೇಡ್ ಕಾರ್ಡಿರುವ ಸರ್ವರಿಗೆ ಲಿನಕ್ಸ್

ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ಹಾರ್ಡ್‌ವೇರ್ ರೇಡ್ ಕಾರ್ಡಿರುವ ಸರ್ವರಿಗೆ ಲಿನಕ್ಸ್ ಹಾಕುವ ಕೆಲಸ ಶುರುವಾಗುವುದು ಇನ್‌ಸ್ಟಾಲರಿನಲ್ಲಲ್ಲ, ಕಾರ್ಡಿನ ಸ್ವಂತ ಮೆನುವಿನಲ್ಲಿ. ಡೆಲ್‌ನ ಪರ್ಕ್ ಕಾರ್ಡುಗಳನ್ನೇ ತೆಗೆದುಕೊಂಡರೆ, ಹಳೆಯ ಬಯೋಸ್ ಯಂತ್ರಗಳಲ್ಲಿ ಬೂಟ್ ಆಗುವಾಗ ಕಂಟ್ರೋಲ್-ಆರ್ ಒತ್ತಿದರೆ ಈ ಮೆನು ತೆರೆಯುತ್ತದೆ. ಯುಇಎಫ್‌ಐ ಯಂತ್ರಗಳಲ್ಲಿ ಅದು ಎಫ್2 ಸೆಟಪ್ಪಿನೊಳಗೆ ಸೇರಿಕೊಂಡಿದೆ. ಯಾವ ಡಿಸ್ಕುಗಳು ಒಂದು ಗುಂಪು, ರೇಡ್ 1 (ಜೋಡಿ ನಕಲು) ಬೇಕೋ 5 (ಕಳೆದ ಡಿಸ್ಕನ್ನು ಮರಳಿ ಕಟ್ಟುವ ಪ್ಯಾರಿಟಿ ಲೆಕ್ಕ) ಬೇಕೋ, ಬರಹದ ಕ್ಯಾಶ್ ಹೇಗಿರಬೇಕು ಎಂಬುದೆಲ್ಲ ಇಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ಲಿನಕ್ಸಿಗೆ ಕಾಣುವುದು ಎಸ್‌ಡಿಎ ಎಂಬ ಒಂದೇ ಡಿಸ್ಕು. ಅದರ ಹಿಂದೆ ಎರಡು ಡಿಸ್ಕಿವೆಯೋ ಎಂಟಿವೆಯೋ ಎಂಬುದು ಇನ್‌ಸ್ಟಾಲರಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ.

ಈ ವಿಧಾನದ ದೊಡ್ಡ ಗುಣ ಇದೇ. ಲಿನಕ್ಸಿನ ಸ್ವಂತ ಸಾಫ್ಟ್‌ವೇರ್ ರೇಡ್ ತೊಡರುವುದು ಬೂಟ್ ವಿಭಾಗದಲ್ಲಿ. ಯುಇಎಫ್‌ಐ ಫರ್ಮ್‌ವೇರಿಗೆ ಲಿನಕ್ಸಿನ ರೇಡ್ ಅರ್ಥವಾಗುವುದಿಲ್ಲ. ಅದಕ್ಕೆ ಬೇಕಾದದ್ದು ಸಾದಾ ಫ್ಯಾಟ್ ವಿಭಾಗ. ಹಾಗಾಗಿ ಆ ವಿಭಾಗವನ್ನು ಎರಡೂ ಡಿಸ್ಕುಗಳಲ್ಲಿ ಇಟ್ಟು ಆಗಾಗ ನಕಲು ಮಾಡಬೇಕು, ಇಲ್ಲವೇ ರೇಡ್ ಮಾಹಿತಿಯನ್ನು ವಿಭಾಗದ ಕೊನೆಗೆ ತಳ್ಳಿ ಫರ್ಮ್‌ವೇರಿನ ಕಣ್ಣು ತಪ್ಪಿಸಬೇಕು. ಕಾರ್ಡಿದ್ದರೆ ಈ ಸರ್ಕಸ್ ಇಲ್ಲ. ಮೊದಲ ಡಿಸ್ಕು ಸತ್ತರೂ ಸರ್ವರ್ ಎಂದಿನಂತೆ ಬೂಟ್ ಆಗುತ್ತದೆ.

ಗಾತ್ರದ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು. 2 ಟಿಬಿಯ ನಾಲ್ಕು ಡಿಸ್ಕುಗಳನ್ನು ರೇಡ್ 5 ಮಾಡಿದರೆ ಸಿಗುವುದು 6 ಟಿಬಿಯ ಒಂದೇ ಡಿಸ್ಕು. ಹಳೆಯ ಎಂಬಿಆರ್ ವಿಭಾಗಪಟ್ಟಿ ಸುಮಾರು 2 ಟಿಬಿಗಿಂತ ಆಚೆಗೆ ಎಣಿಸಲಾರದು. ಆಗ ಜಿಪಿಟಿ ಅನಿವಾರ್ಯ. ಬಯೋಸ್ ವಿಧಾನದಲ್ಲೇ ಬೂಟ್ ಮಾಡುವುದಾದರೆ ಗ್ರಬ್ ಬೂಟ್‌ಲೋಡರಿಗಾಗಿ 1 ಎಂಬಿಯ ಪುಟ್ಟ ವಿಭಾಗವೂ ಬೇಕು. ಅದೇ ಡಿಸ್ಕ್ ಗುಂಪಿನಿಂದ ಆಪರೇಟಿಂಗ್ ಸಿಸ್ಟಮ್ಮಿಗೆಂದು ಚಿಕ್ಕದೊಂದು ವರ್ಚುವಲ್ ಡಿಸ್ಕನ್ನು ಕಾರ್ಡಿನಲ್ಲೇ ಬೇರೆಯಾಗಿ ಕತ್ತರಿಸಿಕೊಳ್ಳುವುದು ಇದಕ್ಕಿಂತ ಅಚ್ಚುಕಟ್ಟು.

ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಡ್ರೈವರನ್ನು. ಪರ್ಕ್ ಕಾರ್ಡುಗಳಲ್ಲಿ ಹೆಚ್ಚಿನವು ಮೆಗಾರೇಡ್-ಎಸ್‌ಎಎಸ್ ಡ್ರೈವರಿನಿಂದ ನಡೆಯುತ್ತವೆ, ಎಚ್‌ಪಿಯ ಸ್ಮಾರ್ಟ್ ಅರೇ ಕಾರ್ಡುಗಳಲ್ಲಿ ಹಲವು ಎಚ್‌ಪಿಎಸ್‌ಎಯಿಂದ. ಎರಡೂ ಕರ್ನಲ್‌ನಲ್ಲೇ ಇವೆ. ಆದರೆ ಕರ್ನಲ್‌ನಲ್ಲಿದ್ದ ಮಾತ್ರಕ್ಕೆ ವಿತರಣೆಯಲ್ಲೂ ಇರುತ್ತದೆ ಎನ್ನುವಂತಿಲ್ಲ. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8, ಪರ್ಕ್ 6/ಐ ಸೇರಿದಂತೆ ಹಲವು ಹಳೆಯ ಕಾರ್ಡುಗಳಿಗೆ ಬೆಂಬಲವನ್ನು ಕೈಬಿಟ್ಟಿತು. ಕಾರ್ಡು ಚೆನ್ನಾಗಿದೆ, ಡಿಸ್ಕುಗಳೂ ಚೆನ್ನಾಗಿವೆ, ಇನ್‌ಸ್ಟಾಲರ್ ಮಾತ್ರ ಡಿಸ್ಕೇ ಇಲ್ಲವೆನ್ನುತ್ತದೆ. ಇಎಲ್‌ರೆಪೋ ಒದಗಿಸುವ ಡ್ರೈವರ್ ಡಿಸ್ಕನ್ನು ಬೂಟ್ ಸಮಯದಲ್ಲಿ ಕೊಟ್ಟು ಮುಂದುವರಿಯಬಹುದು. ಆದರೆ ಮುಂದಿನ ಪ್ರತಿ ಕರ್ನಲ್ ಅಪ್‌ಡೇಟಿನಲ್ಲೂ ಆ ಹೊರಗಿನ ಡ್ರೈವರ್ ಹೊಂದುತ್ತದೆಯೇ ಎಂದು ನೋಡುತ್ತಿರಬೇಕು. ಹಳೆಯ ಸರ್ವರಿಗೆ ಇದಕ್ಕಿಂತ ಡೆಬಿಯನ್ ಲೇಸು.

ಕಾರ್ಡಿಗೆ ಕೊಟ್ಟ ಹಣ ಸಾರ್ಥಕವಾಗುವುದು ಕ್ಯಾಶಿನಲ್ಲಿ. ರೈಟ್-ಬ್ಯಾಕ್ ವಿಧಾನದಲ್ಲಿ ಬರಹ ಕಾರ್ಡಿನ ಮೆಮೊರಿ ತಲುಪಿದೊಡನೆ ಮುಗಿಯಿತೆಂದು ಕಾರ್ಡು ಹೇಳಿಬಿಡುತ್ತದೆ, ಡಿಸ್ಕಿಗೆ ನಿಧಾನವಾಗಿ ಬರೆಯುತ್ತದೆ. ತಿರುಗುವ ಡಿಸ್ಕುಗಳ ಮೇಲೆ ಡೇಟಾಬೇಸ್ ನಡೆಸುವವರಿಗೆ ಇದರ ಲಾಭ ಕಣ್ಣಿಗೆ ಕಾಣುವಷ್ಟಿದೆ. ಕರೆಂಟ್ ಹೋದಾಗ ಆ ಮೆಮೊರಿಯನ್ನು ಕಾಯುವುದು ಕಾರ್ಡಿನ ಬ್ಯಾಟರಿ. ಹೊಸ ಕಾರ್ಡುಗಳಲ್ಲಿ ಸೂಪರ್‌ಕೆಪಾಸಿಟರ್ ಮತ್ತು ಫ್ಲ್ಯಾಶ್. ರೇಡ್ 5ರಲ್ಲಿ ಪ್ಯಾರಿಟಿ ಅರ್ಧ ಬರೆದಾಗ ಕರೆಂಟ್ ಹೋದರೆ ಆಗುವ ಹಾನಿಗೂ ಇದೇ ರಕ್ಷಣೆ. ಕೆಲವು ವರ್ಷಕ್ಕೆ ಬ್ಯಾಟರಿ ದುರ್ಬಲವಾದಾಗ ಕಾರ್ಡು ತಾನಾಗಿ, ಬರಹ ಡಿಸ್ಕು ಮುಟ್ಟುವವರೆಗೆ ಕಾಯುವ ರೈಟ್-ಥ್ರೂಗೆ ಇಳಿಯುತ್ತದೆ, ವೇಗ ಕುಸಿಯುತ್ತದೆ. ಕಾರಣ ತಿಳಿಯದೆ ಡೇಟಾಬೇಸನ್ನು ಬೈಯುವವರುಂಟು. ಬ್ಯಾಟರಿ ಇಲ್ಲದಿದ್ದರೂ ರೈಟ್-ಬ್ಯಾಕ್ ಇರಲಿ ಎಂದು ಬಲವಂತ ಮಾಡುವ ಆಯ್ಕೆ ಮೆನುವಿನಲ್ಲಿದೆ. ಅದನ್ನು ಒತ್ತುವುದು ಶುದ್ಧ ಜೂಜು.

ಡಿಸ್ಕುಗಳನ್ನು ಮರೆಮಾಡುವ ಗುಣವೇ ದಿನನಿತ್ಯದ ನಿಗಾದಲ್ಲಿ ದೋಷವಾಗುತ್ತದೆ. ಒಂದು ಡಿಸ್ಕು ಸತ್ತರೂ ಎಸ್‌ಡಿಎ ಸುಖವಾಗಿಯೇ ಇರುತ್ತದೆ. ಯಾರೂ ಹೋಗದ ಕೋಣೆಯಲ್ಲಿ ಕಾರ್ಡು ಬೀಪ್ ಎನ್ನುತ್ತಿರುತ್ತದೆ. ಆದ್ದರಿಂದ ಲಿನಕ್ಸ್ ಹಾಕಿದ ದಿನವೇ ಕಾರ್ಡಿನ ಸ್ಥಿತಿ ತೋರಿಸುವ ಸ್ಟೋರ್‌ಸಿಎಲ್‌ಐ ಅಥವಾ ಪರ್ಕ್‌ಸಿಎಲ್‌ಐ ಹಾಕಿ, ಗುಂಪಿನ ಸ್ಥಿತಿ ಇಮೇಲಿಗೆ ಬರುವಂತೆ ಮಾಡದಿದ್ದರೆ ಕೆಲಸ ಅರ್ಧವೇ ಆದಂತೆ. ಇವು ಮುಕ್ತ ತಂತ್ರಾಂಶಗಳಲ್ಲ, ಕಂಪನಿಯ ಹೆಸರೂ ಸಾಧನದ ಹೆಸರೂ ಬದಲಾಗುತ್ತಿರುತ್ತವೆ. ಮೆಗಾರೇಡ್ ತಯಾರಿಸುತ್ತಿದ್ದ ಎಲ್‌ಎಸ್‌ಐ 2014ರಲ್ಲಿ ಅವಾಗೋ ಪಾಲಾಯಿತು, ಅವಾಗೋ 2016ರಲ್ಲಿ ಬ್ರಾಡ್‌ಕಾಮ್ ಎಂಬ ಹೆಸರು ಹೊತ್ತಿತು; ಹಳೆಯ ಮೆಗಾಸಿಎಲ್‌ಐ ಹೋಗಿ ಸ್ಟೋರ್‌ಸಿಎಲ್‌ಐ ಬಂತು. ಕಾರ್ಡೇ ಕೆಟ್ಟರೆ ಡಿಸ್ಕುಗಳನ್ನು ಓದಲು ಅದೇ ಕುಲದ ಇನ್ನೊಂದು ಕಾರ್ಡು ಹುಡುಕಬೇಕು. ಸಾಫ್ಟ್‌ವೇರ್ ರೇಡ್ ಡಿಸ್ಕುಗಳಾದರೆ ಯಾವುದೇ ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿ ಓದಬಹುದು.

ಮದರ್‌ಬೋರ್ಡಿನಲ್ಲೇ ಬರುವ, ರೇಡ್ ಎಂದು ಹೆಸರಿಟ್ಟುಕೊಂಡ ಚಿಪ್ಪುಗಳದು ಬೇರೆಯೇ ಕಥೆ. ಅಲ್ಲಿ ಬೂಟ್ ಆದಮೇಲೆ ಲೆಕ್ಕ ಮಾಡುವುದೆಲ್ಲ ಮುಖ್ಯ ಪ್ರೊಸೆಸರೇ. ಬ್ಯಾಟರಿ ಕಾಯುವ ಕ್ಯಾಶೂ ಇಲ್ಲ. ಇಂಟೆಲ್‌ನ ಈ ಬಗೆಯನ್ನು ಲಿನಕ್ಸಿನ ಸಾಫ್ಟ್‌ವೇರ್ ರೇಡ್ ಸಾಧನ ಎಂಡಿಎಡಿಎಂ ಅರಿತು ನಡೆಸಬಲ್ಲದು. ಆದರೆ ಇನ್‌ಸ್ಟಾಲರ್ ಅದನ್ನು ಗುರುತಿಸದೆ ಎಸ್‌ಡಿಎ, ಎಸ್‌ಡಿಬಿ ಎಂದು ಬಿಡಿಬಿಡಿಯಾಗಿ ತೋರಿಸಿದಾಗ ಒಂದರ ಮೇಲೆ ಲಿನಕ್ಸ್ ಹಾಕಿದರೆ ಜೋಡಿ ಮುರಿಯಿತೆಂದೇ ಅರ್ಥ. ಅದೇ ಡಿಸ್ಕುಗಳಲ್ಲಿ ವಿಂಡೋಸ್ ಕೂಡ ಇರಲೇಬೇಕೆಂಬ ಹಟವಿಲ್ಲದಿದ್ದರೆ, ಈ ರೇಡನ್ನು ಬಯೋಸಿನಲ್ಲೇ ನಿಲ್ಲಿಸಿ ಸಾದಾ ಎಎಚ್‌ಸಿಐ ವಿಧಾನಕ್ಕೆ ಬದಲಿಸುವುದೇ ಸರಿ.

ರೇಡ್ ಎಂದು 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಮಂಡಿಸಿದ್ದು ಅಗ್ಗದ ಡಿಸ್ಕುಗಳ ಗುಂಪಿನಿಂದ ದುಬಾರಿ ಡಿಸ್ಕಿನ ಕೆಲಸ ಪಡೆಯುವ ವಿಚಾರ. ಆ ಗುಂಪಿಗೆ ಈಗ ದುಬಾರಿ ಕಾರ್ಡು ಬೇಕೆಂದೇನಿಲ್ಲ: ಪ್ಯಾರಿಟಿ ಲೆಕ್ಕ ಇಂದಿನ ಪ್ರೊಸೆಸರಿಗೆ ಭಾರವೇ ಅಲ್ಲ. ಎಸ್‌ಎಸ್‌ಡಿಗಳ ಮುಂದೆ ಕಾರ್ಡಿನ ಕ್ಯಾಶಿನ ಲಾಭವೂ ಕುಗ್ಗಿದೆ. ಹೊಸದಾಗಿ ಕೊಳ್ಳುವವರು ರೇಡ್ ಮಾಡದ ಸಾದಾ ಎಚ್‌ಬಿಎ ಕಾರ್ಡು ತೆಗೆದುಕೊಂಡು ಲಿನಕ್ಸಿನ ಸ್ವಂತ ರೇಡ್ ಬಳಸುವುದು ಒಳ್ಳೆಯದು. ತಿರುಗುವ ಡಿಸ್ಕುಗಳು, ಬರಹ ಹೆಚ್ಚಿರುವ ಡೇಟಾಬೇಸ್, ಈಗಾಗಲೇ ಇರುವ ಒಳ್ಳೆಯ ಕಾರ್ಡು, ಈ ಮೂರೂ ಕೂಡಿದ ಕಡೆ ಕಾರ್ಡನ್ನು ಕೀಳಬೇಕಿಲ್ಲ. ಅದೇ ಮಾದರಿಯ ಇನ್ನೊಂದನ್ನು ಕೊಂಡು ಬೀರುವಿನಲ್ಲಿಟ್ಟರೆ ಸಾಕು.